ಅವ್ವನ ಹಲ್ಲು, ನನ್ನ ಮೀಟರು

ಅವ್ವನ ಬಾಯಲ್ಲಿ ಉಳಿದಿದ್ದ ಕೊನೆಯ ನಾಲ್ಕು ಹಲ್ಲು ಕೀಳಿಸಿ, ಹೊಸ ಸೆಟ್ಟು ಹಾಕಿಸಿಕೊಂಡು ಬಂದ ದಿನ ನಾನು ಬಹಳ ಖುಷಿಯಲ್ಲಿದ್ದೆ. ಎರಡು ವರ್ಷದಿಂದ ಒಂದೇ ಕಡೆಗೆ ಅಗಿಯುತ್ತಿದ್ದವಳು ಇನ್ನು ಮೇಲೆ ನೆಮ್ಮದಿಯಾಗಿ ರೊಟ್ಟಿ ತಿನ್ನುತ್ತಾಳೆ ಅಂದುಕೊಂಡಿದ್ದೆ. ರೊಟ್ಟಿ ತಿಂದಳು, ಸುಳ್ಳು ಹೇಳಬಾರದು. ಆದರೆ ಮೂರೇ ವಾರಕ್ಕೆ ಭಟ್ಟಿಯಲ್ಲಿ ಅವಳ ಮಾತು ಬಿದ್ದುಹೋಗುವ ಹಾಗಾಯಿತು. ಅದಕ್ಕೆ ಕಾರಣ ಆ ಹೊಸ ಹಲ್ಲೇ ಎಂದು ನನಗೆ ಹೊಳೆಯಲು ಮತ್ತೊಂದು ವಾರ ಹಿಡಿಯಿತು. ಹರಿಹರದ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬು ನೋಡಿಕೊಳ್ಳುವವಳು, ಬುದ್ಧಿವಂತೆ ಅಂತ ನಮ್ಮ ಬೀದಿಯಲ್ಲಿ ನನಗೆ ಹೆಸರಿದೆ. ಹೆಸರಿಗೇನು, ಯಾರು ಬೇಕಾದರೂ ಇಟ್ಟುಕೊಳ್ಳಬಹುದು.

ಭಟ್ಟಿ ಅಂದರೆ ಮಂಡಕ್ಕಿ ಭಟ್ಟಿ. ದಾವಣಗೆರೆಯವರಿಗೆ ವಿವರಿಸಬೇಕಿಲ್ಲ, ಹೊರಗಿನವರಿಗೆ ಎರಡು ಮಾತು. ಮಂಡಕ್ಕಿಯ ಅಕ್ಕಿಗೆ ಉಪ್ಪುನೀರು ಹಾಕಿ ಕಲಸಿ, ಅಂಗಳದಲ್ಲಿ ಹರವಿ ಒಣಗಿಸಿ, ಆಮೇಲೆ ಕಾದ ಮರಳಿನಲ್ಲಿ ಹುರಿಯುತ್ತಾರೆ. ಒಣಗಿಸುವುದನ್ನು ಎಲ್ಲಿಗೆ ನಿಲ್ಲಿಸಬೇಕು ಎಂಬುದರಲ್ಲೇ ಇಡೀ ಕಸುಬು ಇದೆ. ತೇವ ಹೆಚ್ಚಾದರೆ ಕಾಳು ಅರಳದೆ ಮುದುಡಿಕೊಳ್ಳುತ್ತದೆ, ಕಡಿಮೆಯಾದರೆ ಸಿಡಿದು ನುಚ್ಚಾಗುತ್ತದೆ. ನಡುವೆ ಒಂದು ಹದ ಇದೆ. ಆ ಹದ ಬಂತೋ ಇಲ್ಲವೋ ಎಂದು ಹೇಳುವವಳು ನಮ್ಮವ್ವ. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ದವಡೆಯಲ್ಲಿ ಕಡಿಯುತ್ತಿದ್ದಳು. ಮುರಿಯುವ ಸದ್ದು, ಹಲ್ಲಿಗೆ ಸಿಗುವ ಪೆಟ್ಟು ಎರಡನ್ನೂ ನೋಡಿ, ಇನ್ನೊಂದು ತಾಸು ಬಿಡ್ರಿ ಅಂತಲೋ, ಎತ್ರಿ ಅಂತಲೋ ಹೇಳುತ್ತಿದ್ದಳು. ಅವಳು ಎತ್ರಿ ಅನ್ನುವ ತನಕ ಅಷ್ಟೂ ಜನ ಕೈಕಟ್ಟಿ ಕೂತಿರುತ್ತಿದ್ದರು, ಭಟ್ಟಿಯ ಒಡೆಯರಾದ ಸಾವ್ಕಾರರೂ ಸೇರಿದಂತೆ. ಈ ಕೆಲಸಕ್ಕೆ ಬೇರೆ ಹೆಸರಿಲ್ಲ, ಹುದ್ದೆಯಿಲ್ಲ. ಆದರೆ ನಾನು ಚಿಕ್ಕವಳಿದ್ದಾಗಿನಿಂದ ನೋಡಿದ ಅಧಿಕಾರ ಅದೊಂದೇ, ಮತ್ತು ಅದು ನನ್ನ ಅವ್ವನ ಬಾಯಲ್ಲಿತ್ತು.

ಹೊಸ ಹಲ್ಲಿಗೆ ಪೆಟ್ಟು ಗೊತ್ತಾಗುವುದಿಲ್ಲ. ಕಾಳು ಮುರಿದ ಸದ್ದಿಗಿಂತ ಸೆಟ್ಟಿನ ಸದ್ದೇ ಜೋರು. ಅವ್ವ ಅದನ್ನು ಯಾರಿಗೂ ಹೇಳದೆ ಅಂದಾಜಿನಲ್ಲಿ ನಡೆಸಿದಳು. ಎರಡು ಸಲ ಅಕ್ಕಿ ಕೆಟ್ಟಿತು. ಮೂರನೇ ಸಲಕ್ಕೆ ಸಾವ್ಕಾರರು ನಮ್ಮ ಮನೆಗೇ ಬಂದರು. ಎಸ್.ಎಸ್. ಬಡಾವಣೆಯ ನಮ್ಮ ಸಣ್ಣ ಮನೆಯಲ್ಲಿ ಅವರಿಗೆ ಕುರ್ಚಿ ಹಾಕಿ, ಚಹಾ ಕೊಟ್ಟು, ಅವ್ವ ಬಾಗಿಲಿಗೆ ಒರಗಿ ನಿಂತಳು. ಅವರು ಒಳ್ಳೆಯವರು, ನಾನು ಬೈಯಬೇಕೆಂದು ತಯಾರಾಗಿ ಕೂತಿದ್ದರೂ ಬೈಯಲು ಅವಕಾಶವೇ ಕೊಡಲಿಲ್ಲ. ಅಕ್ಕನಿಗೆ ವಯಸ್ಸಾಯಿತು, ಬಿಸಿಲಲ್ಲಿ ನಿಲ್ಲುವುದು ಯಾಕೆ, ಒಳಗೆ ನೆರಳಲ್ಲಿ ಚೀಲ ಹೊಲಿಯುವ ಕಡೆ ಕೂತುಕೊಳ್ಳಲಿ, ಸಂಬಳ ಒಂದು ಪೈಸೆ ಕಡಿಮೆ ಮಾಡುವುದಿಲ್ಲ ಎಂದರು. ಅವ್ವ ನೆಲ ನೋಡುತ್ತ ಆಗಲಿ ಎಂದಳು.

ಅವರು ಹೋದ ಮೇಲೆ ಅವಳು ಅಳಲಿಲ್ಲ. ಹಲ್ಲಿನ ಸೆಟ್ಟು ತೆಗೆದು ನೀರಿನ ಲೋಟಕ್ಕೆ ಹಾಕಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಅದನ್ನು ನೋಡಿ ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಕೆಲಸ ಮಾಡುವವಳು. ಮರುದಿನ ಕಾಲೇಜಿಗೆ ಹೋಗುವ ಮುಂಚೆ ಭಟ್ಟಿಗೆ ಹೋಗಿ ಸಾವ್ಕಾರರ ಮುಂದೆ ನಿಂತು, ಎರಡು ತಿಂಗಳು ಟೈಮ್ ಕೊಡಿ, ತೇವ ಹೇಳುವ ಮೀಟರು ನಾನು ಮಾಡಿಕೊಡುತ್ತೇನೆ, ಅದನ್ನು ನಮ್ಮವ್ವನೇ ಹಿಡಿಯುತ್ತಾಳೆ ಎಂದೆ. ಅಂಗಡಿಯಲ್ಲಿ ಸಿಗುವ ಮೀಟರು ತಂದು ನೋಡಿದ್ದಾಗಿದೆ, ಅದು ಭತ್ತಕ್ಕೆ ನಡೆಯುತ್ತದೆ, ನಮ್ಮ ಅಕ್ಕಿಗೆ ಏನೇನೋ ಹೇಳುತ್ತದೆ ಎಂದರು, ಆದರೂ ಅಲ್ಲಿಯ ತನಕ ಅಕ್ಕ ಚೀಲ ಹೊಲಿಯಲಿ ಎಂದು ಎರಡು ತಿಂಗಳು ಕೊಟ್ಟರು. ಯಾಕೆ ಏನೇನೋ ಹೇಳುತ್ತದೆ ಎಂದು ನಾನು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ಜಂಬ.

ಯೋಚನೆ ಸರಳವಾಗಿತ್ತು. ಎರಡು ಲೋಹದ ನಡುವೆ ಅಕ್ಕಿ ತುಂಬಿ, ಒಂದು ಕಡೆಯಿಂದ ವೇಗವಾಗಿ ಅದಲುಬದಲಾಗುವ ಕರೆಂಟು ಬಿಟ್ಟರೆ, ಅಕ್ಕಿಯಲ್ಲಿ ನೀರು ಹೆಚ್ಚಿದ್ದಷ್ಟೂ ಇನ್ನೊಂದು ಕಡೆಗೆ ಹೆಚ್ಚು ದಾಟುತ್ತದೆ. ದಾಟಿದ್ದನ್ನು ಅಳೆದರೆ ತೇವ ಗೊತ್ತಾಯಿತು. ಅಕ್ಕಿ ತುಂಬಲು ಮನೆಯ ಸ್ಟೀಲಿನ ಪಾವು ತೆಗೆದುಕೊಂಡೆ, ನಡುವೆ ಒಂದು ಸ್ಟೀಲ್ ಕಡ್ಡಿ ನಿಲ್ಲಿಸಿದೆ. ಕರೆಂಟು ಹುಟ್ಟಿಸಲು, ಅಳೆಯಲು ಒಂದು ಮೈಕ್ರೋಕಂಟ್ರೋಲರ್ ಬೋರ್ಡು. ಬೆಂಕಿಪೊಟ್ಟಣದಷ್ಟು ದೊಡ್ಡದು, ನಮ್ಮ ಹುಡುಗ ಹುಡುಗಿಯರು ದೀಪ ಮಿನುಗಿಸಲು ಬಳಸುವಂಥದ್ದು. ಸೆಕೆಂಡಿಗೆ ಐದು ಲಕ್ಷ ಸಲ ಅದಲುಬದಲಾಗುವ ಸಿಗ್ನಲ್ಲನ್ನು ಅದು ಸಲೀಸಾಗಿ ಹುಟ್ಟಿಸಿತು. ಕಷ್ಟವಿದ್ದದ್ದು ಅಕ್ಕಿ ದಾಟಿ ಬಂದದ್ದನ್ನು ಓದುವುದರಲ್ಲಿ.

ಮೊದಲ ಸಲ ನೇರವಾಗಿ ಬೋರ್ಡಿನ ಪಿನ್ನಿಗೇ ಕೊಟ್ಟೆ. ಪರದೆಯಲ್ಲಿ ಅಂಕಿಗಳು ಹುಚ್ಚೆದ್ದು ಕುಣಿದವು. ಬೋರ್ಡು ಸೆಕೆಂಡಿಗೆ ಹತ್ತು ಸಾವಿರ ಸಲ ಮಾತ್ರ ಕಣ್ಣು ಬಿಟ್ಟು ನೋಡುತ್ತದೆ. ಅಷ್ಟರಲ್ಲಿ ಸಿಗ್ನಲ್ಲು ಐವತ್ತು ಸಲ ಏರಿ ಇಳಿದು ಹೋಗಿರುತ್ತದೆ. ಓಡುವ ಫ್ಯಾನಿನ ರೆಕ್ಕೆ ಎಣಿಸಲು ಕೂತ ಹಾಗೆ. ಇದನ್ನು ನಾನೇ ವರ್ಷಕ್ಕೆ ಎರಡು ಬ್ಯಾಚಿಗೆ ಪಾಠ ಮಾಡುತ್ತೇನೆ. ಪಾಠ ಮಾಡುವುದು ಬೇರೆ, ತಲೆಗೆ ಹೋಗುವುದು ಬೇರೆ.

ಸರಿ, ಏರಿಳಿತವನ್ನು ಒಂದೇ ಮಟ್ಟಕ್ಕೆ ತರಬೇಕು ಎಂದು ಡಯೋಡು ಹಾಕಿ ಪಕ್ಕದಲ್ಲೊಂದು ಕೆಪಾಸಿಟರ್ ಇಟ್ಟೆ. ಅಂಕಿಯ ಕುಣಿತ ನಿಂತಿತು. ಪರದೆಯಲ್ಲಿ ಸೊನ್ನೆ. ಪಾವಿನಲ್ಲಿ ಅಕ್ಕಿ ಇದ್ದರೂ ಸೊನ್ನೆ, ನೀರೇ ಹುಯ್ದರೂ ಸೊನ್ನೆ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಮಾತ್ರ ಡಯೋಡು ದಾರಿ ಬಿಡುತ್ತದೆ. ನನ್ನ ಸಿಗ್ನಲ್ಲೋ ಅದರ ಹತ್ತನೇ ಒಂದು ಭಾಗವೂ ಇರಲಿಲ್ಲ. ಹಾಗಾದರೆ ಮೊದಲು ಹಿಗ್ಗಿಸೋಣ ಎಂದು ಲ್ಯಾಬಿನ ಡಬ್ಬಿಯಲ್ಲಿದ್ದ ಹಳೆಯ ಆಂಪ್ಲಿಫಯರ್ ಚಿಪ್ಪು ಹಾಕಿದೆ. ಅದಕ್ಕೆ ಈ ವೇಗ ತಾಳಲಿಲ್ಲ, ಹಿಗ್ಗಿಸುವುದಿರಲಿ, ಬಂದದ್ದನ್ನೂ ನುಂಗಿ ಕೂತಿತು. ವೇಗ ಕಡಿಮೆ ಮಾಡು ಎಂದು ಸಹೋದ್ಯೋಗಿಗಳು ಹೇಳಿದರು. ನಾನು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ವೇಗ ಕಡಿಮೆಯಾದರೆ ನೀರಿನ ಜೊತೆ ಕಾಳಿನ ಮೇಲಿನ ಕೊಳೆ, ಕೈ ಬೆವರು ಎಲ್ಲ ಸೇರಿಕೊಂಡು ಅಳತೆ ಕೆಡುತ್ತದೆ. ವೇಗದ ಚಿಪ್ಪು ತರಿಸಲು ಬರೆದು, ಅದು ಬರುವ ಒಂಬತ್ತು ದಿನ ದಾವಣಗೆರೆ ಹರಿಹರದ ನಡುವೆ ಬಸ್ಸಿನಲ್ಲಿ ಮುಖ ಊದಿಸಿಕೊಂಡು ಓಡಾಡಿದೆ.

ಹೊಸ ಚಿಪ್ಪು ಇಪ್ಪತ್ತು ಪಟ್ಟು ಹಿಗ್ಗಿಸಿತು. ಡಯೋಡು ದಾರಿ ಬಿಟ್ಟಿತು. ಪರದೆಯ ಮೇಲೆ ಮೊದಲ ಸಲ ಒಂದು ಅಂಕಿ ಬಂದು ನಿಂತಾಗ ನಾನು ಖಾಲಿ ಲ್ಯಾಬಿನಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ. ತಂತಿ ಒಂದಿಂಚು ಸರಿದರೂ ಅಂಕಿ ಬದಲಾಗುತ್ತಿತ್ತು, ಅದಕ್ಕೆ ಎಲ್ಲವನ್ನೂ ಬೆಸುಗೆ ಹಾಕಿ ಗಿಡ್ಡ ಮಾಡಿ, ಪಾವಿಗೆ ತಾಗದ ಹಾಗೆ ಸುತ್ತ ಒಂದು ತಗಡಿನ ಡಬ್ಬಿ ಇಟ್ಟು ಅದನ್ನು ಗ್ರೌಂಡಿಗೆ ಕಟ್ಟಿದೆ. ಆದರೂ ಒಂದೇ ಅಕ್ಕಿಯನ್ನು ಐದು ಸಲ ತುಂಬಿದರೆ ಐದು ಅಂಕಿ. ಒಂದು ಭಾನುವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಕೂತು ಇದರ ಜೊತೆ ಗುದ್ದಾಡುತ್ತಿದ್ದಾಗ, ಅಲ್ಲಿಯವರೆಗೆ ಈ ಕಡೆ ಕಣ್ಣೆತ್ತಿಯೂ ನೋಡದಿದ್ದ ಅವ್ವ ಬಂದು ಪಾವು ಕಿತ್ತುಕೊಂಡಳು. ನಾನು ತುಂಬುವಾಗ ಕುಟ್ಟುತ್ತಿದ್ದೆನಂತೆ. ಕುಟ್ಟಿದರೆ ಕಾಳು ಇಳಿದು ಒತ್ತಾಗುತ್ತದೆ, ಒಂದೊಂದು ಸಲ ಒಂದೊಂದು ಅಳತೆ. ಅವಳು ಗೇಣೆತ್ತರದಿಂದ ಸಡಿಲವಾಗಿ ಸುರಿದು, ಅಂಚಿನ ಮೇಲೆದ್ದ ಕಾಳನ್ನು ಅಂಗೈಯಿಂದ ಒಂದೇ ಸಲ ಸವರಿ ತಲೆ ಹೊಡೆದಳು. ಐದು ಸಲ ತುಂಬಿದಳು. ಐದು ಸಲವೂ ಹೆಚ್ಚುಕಡಿಮೆ ಅದೇ ಅಂಕಿ. ಪಾವು ಕೆಳಗಿಟ್ಟು ಹೋದಳು, ಆದರೆ ಆ ದಿನದಿಂದ ಮೀಟರಿನ ಹತ್ತಿರ ಬಂದು ಕೂರತೊಡಗಿದಳು.

ಆಮೇಲೆ ನಾನು ಮನೆಯ ಅಕ್ಕಿಯನ್ನೇ ಬೇರೆ ಬೇರೆ ಮಟ್ಟಕ್ಕೆ ತೇವ ಮಾಡಿ, ಮೀಟರಿಗೆ ತೋರಿಸಿ, ಲ್ಯಾಬಿನ ಓವನ್ನಿನಲ್ಲಿ ಒಣಗಿಸಿ, ಮೊದಲಿನ ತೂಕ ಆಮೇಲಿನ ತೂಕ ಬರೆದು ಕೋಷ್ಟಕ ಮಾಡಿದೆ. ಗೆರೆ ಎಳೆದರೆ ನೆಟ್ಟಗೆ ಕೂತಿತು. ನನ್ನ ಜೀವಮಾನದಲ್ಲಿ ಅಷ್ಟು ನೆಟ್ಟಗಿನ ಗೆರೆ ನೋಡಿರಲಿಲ್ಲ. ಅದನ್ನು ಫೋನಿನಲ್ಲಿ ಫೋಟೋ ತೆಗೆದು ಬಸ್ಸಿನಲ್ಲಿ ನೋಡುತ್ತ ಕೂರುತ್ತಿದ್ದೆ.

ಎರಡು ತಿಂಗಳಿಗೆ ಇನ್ನೂ ಹತ್ತು ದಿನ ಇರುವಾಗ ಅವ್ವನನ್ನು ಕರೆದುಕೊಂಡು ಭಟ್ಟಿಗೆ ಹೋದೆ. ಎಲ್ಲರೂ ಸುತ್ತ ನಿಂತರು. ಅವ್ವ ಅಂಗಳದ ಅಕ್ಕಿ ಪಾವಿಗೆ ಸುರಿದು ತಲೆ ಹೊಡೆದಳು. ಮೀಟರು ಇರುವ ಅಂಕಿಗಳಲ್ಲೆಲ್ಲ ದೊಡ್ಡ ಅಂಕಿ ತೋರಿಸಿತು. ನಿನ್ನೆ ಒಣಗಿದ ಅಕ್ಕಿ ಹಾಕಿದರೂ ಅದೇ. ಮೊನ್ನೆ ಒಣಗಿ ಚೀಲ ಸೇರಿದ್ದನ್ನು ಹಾಕಿದರೂ ಅದೇ. ನನ್ನ ಮೀಟರಿನ ಪ್ರಕಾರ ಆ ಭಟ್ಟಿಯ ಅಕ್ಕಿಯೆಲ್ಲ ಹೊಳೆಯಿಂದ ಈಗಷ್ಟೇ ಎದ್ದು ಬಂದಿತ್ತು. ಅವ್ವ ಎರಡು ಕಾಳು ನಾಲಿಗೆ ಮೇಲಿಟ್ಟುಕೊಂಡು ನನ್ನ ಮುಖ ನೋಡಿದಳು.

"ನೀನು ಮನಿಯಾಗೆ ಸಪ್ಪೆ ಅಕ್ಕಿ ತಗಂಡು ಮಾಡಿದ್ಯೇನು?" ಎಂದಳು. "ಇದಕ್ಕೆ ಉಪ್ಪು ಐತಲ್ಲ."

ಉಪ್ಪು. ನೀರಿನಲ್ಲಿ ಉಪ್ಪು ಸೇರಿದರೆ ಕರೆಂಟು ಧಾರಾಳವಾಗಿ ಹರಿಯುತ್ತದೆ ಎಂದು ಏಳನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಭಟ್ಟಿಯ ಉಪ್ಪುನೀರಿನ ತೊಟ್ಟಿ ಪಕ್ಕದಲ್ಲೇ ಆಡಿ ಬೆಳೆದವಳು, ಭಟ್ಟಿಗೆಂದೇ ಮೀಟರು ಮಾಡುತ್ತ ಐವತ್ತು ದಿನ ಉಪ್ಪನ್ನೇ ಮರೆತಿದ್ದೆ. ಅಂಗಡಿಯ ಮೀಟರು ಏನೇನೋ ಹೇಳಿದ್ದೂ ಇದಕ್ಕೇ. ಸುತ್ತ ನಿಂತವರು ನಕ್ಕರು, ಅವ್ವನೂ ನಕ್ಕಳು. ಹಲ್ಲು ಕೀಳಿಸಿದ ಮೇಲೆ ಅವಳು ಭಟ್ಟಿಯಲ್ಲಿ ನಕ್ಕಿದ್ದು ಅದೇ ಮೊದಲು, ಹಾಗಾಗಿ ನನ್ನ ಪೆಚ್ಚುಮೋರೆಗೆ ಒಂದಿಷ್ಟು ಬೆಲೆ ಬಂತು.

ಆದರೆ ಆ ನಗುವಿನಲ್ಲೇ ದಾರಿಯೂ ಇತ್ತು. ಅಲ್ಲಿ ಉಪ್ಪು ಹಾಕುವುದು ತೂಕದಿಂದಲ್ಲ, ಹಿಡಿ ಲೆಕ್ಕದಲ್ಲಿ. ನೀರು ಬಸಿದುಹೋದ ಮೇಲೆ ಕಾಳಿನಲ್ಲಿ ಎಷ್ಟು ಉಳಿಯಿತು ಎಂಬುದು ಆ ದಿನದ ಗಾಳಿ, ಬಿಸಿಲು, ಅಕ್ಕಿ ನೋಡಿಕೊಂಡು ಬದಲಾಗುತ್ತದೆ. ಅವ್ವ ಮಾತ್ರ ಕಾಳು ನಾಲಿಗೆಗೆ ತಾಗಿಸಿ ಎರಡು ಹಿಡಿಯಷ್ಟು ಉಳಿದಿದೆ, ಎರಡೂವರೆ, ಮೂರು ಎಂದು ಹೇಳಬಲ್ಲಳು. ಹೋದದ್ದು ಹಲ್ಲು, ನಾಲಿಗೆ ಇನ್ನೂ ಗಟ್ಟಿಯಿತ್ತು. ನಾನು ಅದನ್ನು ಪರೀಕ್ಷೆ ಮಾಡಿದೆ. ಬಟ್ಟಲುಗಳ ತಳಕ್ಕೆ ನಂಬರು ಅಂಟಿಸಿ, ಸ್ಥಳ ಬದಲಿಸಿ, ಒಂದೇ ಅಕ್ಕಿಯನ್ನು ಎರಡೆರಡು ಸಲ ಕೊಟ್ಟೆ. ಹೆತ್ತವ್ವನನ್ನು ವಿದ್ಯಾರ್ಥಿಯ ಹಾಗೆ ಎದುರಿಗೆ ಕೂರಿಸಿಕೊಂಡದ್ದಕ್ಕೆ ನಾಚಿಕೆಯಾಯಿತು. ಅವಳಿಗೆ ಆಗಲಿಲ್ಲ. ಸೆಟ್ಟು ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡು, ಪ್ರತಿ ಬಟ್ಟಲಿಗೂ ಬಾಯಿ ಮುಕ್ಕಳಿಸಿ, ಎರಡನೇ ಸಲವೂ ಮೊದಲ ಸಲದ ಮಾತನ್ನೇ ಹೇಳಿದಳು.

ಹಿಗ್ಗಿಸುವುದನ್ನು ತಗ್ಗಿಸಿ, ಭಟ್ಟಿಯ ಅಕ್ಕಿಯಿಂದಲೇ ಹೊಸ ಕೋಷ್ಟಕ ಮಾಡಿ, ಮೀಟರಿಗೆ ಒಂದು ತಿರುಪು ಸೇರಿಸಿದೆ. ಅವ್ವ ಹೇಳಿದ ಹಿಡಿಗೆ ತಿರುಪು ತಿರುಗಿಸಬೇಕು, ಆಮೇಲೆ ಮೀಟರು ತೇವ ಹೇಳುತ್ತದೆ. ಹತ್ತನೇ ದಿನ ಮತ್ತೆ ಭಟ್ಟಿಗೆ ಹೋದೆವು. ನಾಲ್ಕು ಹಾಸು ಅಕ್ಕಿ, ನಾಲ್ಕೂ ಮರಳಿನಲ್ಲಿ ಬೆಳ್ಳಗೆ ಅರಳಿದವು. ಸಾವ್ಕಾರರು ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು, ಅಕ್ಕ ಅಂಗಳದಲ್ಲೇ ಇರಲಿ ಎಂದರು. ನಾನು ಬಸ್ಸು ತಪ್ಪಿಸಿಕೊಂಡು ಆ ದಿನ ಕಾಲೇಜಿಗೆ ತಡವಾಗಿ ಹೋದೆ. ಬೈಸಿಕೊಂಡದ್ದು ಕಿವಿಗೆ ಬೀಳಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅದಾಗಿ ಒಂದು ತಿಂಗಳಲ್ಲೇ ನನಗೆ ಇನ್ನೊಂದು ವಿಷಯ ಹೊಳೆಯಿತು. ಉಪ್ಪಿನ ಹಾವಳಿ ವೇಗ ಕಡಿಮೆ ಇದ್ದಾಗ ಹೆಚ್ಚು, ವೇಗ ಹೆಚ್ಚಿದ್ದಾಗ ಕಡಿಮೆ. ಒಂದೇ ಪಾವಿಗೆ ಎರಡು ವೇಗದ ಸಿಗ್ನಲ್ಲು ಒಂದಾದ ಮೇಲೊಂದು ಬಿಟ್ಟು ಎರಡನ್ನೂ ಓದಿದರೆ, ಉಪ್ಪು ಎಷ್ಟು, ನೀರು ಎಷ್ಟು ಎಂದು ಮೀಟರೇ ಬೇರ್ಪಡಿಸಬಲ್ಲದು. ಚಿಪ್ಪು ಅದೇ, ಪಾವು ಅದೇ, ಪ್ರೋಗ್ರಾಮಿನಲ್ಲಿ ನಾಲ್ಕು ಸಾಲು ಹೆಚ್ಚು. ನೋಟ್‌ಬುಕ್ಕಿನಲ್ಲಿ ಬರೆದು, ಪುಟ ಮಡಚಿ, ಬೀರುವಿನಲ್ಲಿಟ್ಟೆ. ಯಾರಿಗೂ ಹೇಳಲಿಲ್ಲ. ಅವ್ವನ ನಾಲಿಗೆ ಇಲ್ಲದೆ ನಡೆಯುವ ಮೀಟರು ಯಾರಿಗೆ ಬೇಕಾಗಿತ್ತು? ನನಗಂತೂ ಬೇಕಿರಲಿಲ್ಲ.

ಮಳೆಗಾಲ ಶುರುವಾಗುತ್ತಿದ್ದ ಹಾಗೆ ಅವ್ವನಿಗೆ ನೆಗಡಿ ಹಿಡಿಯಿತು. ಎರಡು ದಿನ ಮನೆಯಲ್ಲಿರು ಎಂದರೆ ಕೇಳದೆ ಹೋದಳು. ಮೂರನೇ ದಿನ ಸಂಜೆ ನಾನು ಕಾಲೇಜಿನಿಂದ ಬಂದಾಗ ಅವಳು ಹೊಸ್ತಿಲ ಮೇಲೆ ಕೂತಿದ್ದಳು, ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು. ಆ ದಿನದ ಅಕ್ಕಿಯೆಲ್ಲ ಸಿಡಿದು ನುಚ್ಚಾಗಿತ್ತು. ಸಾವ್ಕಾರರು ಏನೂ ಅಂದಿರಲಿಲ್ಲ, ಮೀಟರು ಕೆಟ್ಟಿರಬೇಕು, ಮಗಳಿಗೆ ತೋರಿಸಿ ಎಂದು ಕೊಟ್ಟು ಕಳಿಸಿದ್ದರು. ನಾನು ತೆಗೆದು ನೋಡಲು ಹೊರಟಾಗ ಅವಳು ತಡೆದಳು. ಮೀಟರಿಗೆ ಏನೂ ಆಗಿಲ್ಲ ಎಂದಳು. ನಾಲಿಗೆಗೆ ರುಚಿಯೇ ಗೊತ್ತಾಗುತ್ತಿರಲಿಲ್ಲವಂತೆ. ಗೊತ್ತಾಗುತ್ತಿಲ್ಲ ಎಂದು ಹೇಳಲು ಬಾಯಿ ಬರದೆ, ಬಾಯಿಗೆ ಬಂದದ್ದೊಂದು ಹಿಡಿ ಲೆಕ್ಕ ಹೇಳಿ ತಿರುಪು ತಿರುಗಿಸಿದ್ದಳು.

ನಾನು ಸಮಾಧಾನ ಹೇಳಿದೆ. ನೆಗಡಿ ಯಾರಿಗೆ ಬರುವುದಿಲ್ಲ, ನಾಲ್ಕು ದಿನಕ್ಕೆ ಹೋಗುತ್ತದೆ ಎಂದೆ. ಅವಳು ಅದನ್ನು ಕಿವಿಗೆ ಹಾಕಿಕೊಳ್ಳದೆ, ಉಪ್ಪನ್ನೂ ಮೀಟರಿಗೆ ತಿಳಿಯುವ ಹಾಗೆ ಮಾಡಲು ಬರುವುದಿಲ್ಲವೇ ಎಂದು ಕೇಳಿದಳು. ಬರುವುದಿಲ್ಲ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಚಿಕ್ಕಂದಿನಿಂದ ಆ ನೋಟದ ಮುಂದೆ ನನ್ನ ಒಂದು ಸುಳ್ಳೂ ನಿಂತಿಲ್ಲ.

"ಇವತ್ತು ನಾನು ಸುಳ್ಳು ಹೇಳಿದೆ, ಈಗ ನೀನೂ ಹೇಳ್ತಿದಿ," ಎಂದಳು. "ಬರ್ತೈತೆ ಅಲ್ಲೇನು?"

ಬೀರು ತೆಗೆದು ನೋಟ್‌ಬುಕ್ಕು ತಂದೆ. ಅದರಲ್ಲಿದ್ದ ಗೆರೆ, ಸೂತ್ರ ಅವಳಿಗೆ ಅರ್ಥವಾಗುವಂಥವಲ್ಲ, ಆದರೂ ಪುಟ ಮಡಚಿದ್ದನ್ನು ಬಿಡಿಸಿ ಬೆರಳಿನಿಂದ ಸವರಿದಳು. ನನಗೆ ತಡೆಯಲಾಗಲಿಲ್ಲ. ಇದನ್ನು ಹಾಕಿದರೆ ಯಾರು ಬೇಕಾದರೂ ಮೀಟರು ಹಿಡಿಯಬಹುದು, ನಿನ್ನನ್ನು ನಾಳೆಯೇ ಚೀಲ ಹೊಲಿಯಲು ಕೂರಿಸುತ್ತಾರೆ, ಇಷ್ಟು ದಿನ ನಾನು ಕತ್ತೆಯ ಹಾಗೆ ದುಡಿದದ್ದು ಅದಕ್ಕಲ್ಲ ಎಂದು ಕೂಗಾಡಿದೆ.

"ಚೀಲ ಹೊಲಿಯಾಕೆ ನನಗೆ ಬರ್ತೈತೆ," ಎಂದಳು. "ಕೆಟ್ಟ ಅಕ್ಕೀನ ಗೊತ್ತಿದ್ದು ಮರಳಿಗೆ ಸುರಿಸೋದು ಬರಲ್ಲ. ನೀನು ಹಾಕು. ನಾನಿರೋವಾಗ್ಲೆ ಹಾಕು. ಉಪ್ಪು ಎಷ್ಟು ಐತೆ ಅಂತ ಅದಕ್ಕೆ ಹೇಳಿಕೊಡೋರು ಯಾರಾದ್ರೂ ಬೇಕಲ್ಲ."

ಅದು ನಿಜ. ಮೀಟರು ಎರಡು ಅಂಕಿ ಓದಬಲ್ಲದು, ಆದರೆ ಯಾವ ಅಂಕಿಗೆ ಎಷ್ಟು ಹಿಡಿ ಎಂದು ಅದಕ್ಕೆ ಒಮ್ಮೆ ಕಲಿಸಬೇಕು. ಕಲಿಸಲು ಅವ್ವನ ನಾಲಿಗೆ ಬಿಟ್ಟರೆ ಊರಲ್ಲಿ ಬೇರೆ ಅಳತೆಯಿರಲಿಲ್ಲ. ನೆಗಡಿ ಪೂರ್ತಿ ಬಿಡುವ ತನಕ ಕಾದೆವು. ಆಮೇಲೆ ಮೂರು ವಾರ, ದಿನಾ ಅವಳು ಭಟ್ಟಿಯಿಂದ ಆ ದಿನದ ಅಕ್ಕಿಯನ್ನು ಪೊಟ್ಟಣ ಕಟ್ಟಿ ತರುತ್ತಿದ್ದಳು. ಸಂಜೆ ಐದೂವರೆಗೆ ಅಡುಗೆಮನೆಯ ನೆಲದ ಮೇಲೆ ಎದುರುಬದುರು ಕೂರುತ್ತಿದ್ದೆವು. ಅವಳು ನೆಕ್ಕಿ ಹೇಳುವುದು, ನಾನು ಪಾವಿಗೆ ಸುರಿದು ಓದುವುದು, ಬರೆಯುವುದು. ತನ್ನ ಜಾಗಕ್ಕೆ ಬರುವವರಿಗೆ ಇಷ್ಟು ಪ್ರೀತಿಯಿಂದ ಕೆಲಸ ಕಲಿಸಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ನನಗೆ ಒಂದೊಂದು ಸಂಜೆ ಆ ಬೋರ್ಡನ್ನು ತೆಗೆದು ಗೋಡೆಗೆ ಎಸೆಯಬೇಕು ಅನ್ನಿಸುತ್ತಿತ್ತು. ಅವಳು ಮುಂದಿನ ಬಟ್ಟಲು ಎಂದು ಕೈ ಚಾಚುತ್ತಿದ್ದಳು.

ಕೊನೆಯ ವಾರ ನಾನು ಮೀಟರನ್ನೂ ಅವಳನ್ನೂ ಬೇರೆ ಬೇರೆಯಾಗಿ ಕೇಳಿ, ಎರಡನ್ನೂ ಅಕ್ಕಪಕ್ಕ ಬರೆಯತೊಡಗಿದೆ. ಮೂವತ್ತೊಂದು ಬಟ್ಟಲಿಗೆ ಇಬ್ಬರೂ ಒಂದೇ ಹೇಳಿದರು. ಮೂವತ್ತೆರಡನೆಯದಕ್ಕೆ ಅವ್ವ ಎರಡೂವರೆ ಹಿಡಿ ಎಂದಳು, ಮೀಟರು ಎರಡು ಎಂದಿತು. ನನಗೆ ಒಳಗೊಳಗೇ ಖುಷಿಯಾಯಿತು. ಮೀಟರಿನದೇ ತಪ್ಪು, ಕೋಷ್ಟಕ ತಿದ್ದುತ್ತೇನೆ ಎಂದು ಪೆನ್ನು ಎತ್ತಿದೆ. ಅವ್ವ ತಾಳು ಎಂದು ಬಾಯಿ ಮುಕ್ಕಳಿಸಿ ಬಂದಳು. ಮತ್ತೆರಡು ಕಾಳು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು.

"ಅದು ಹೇಳಿದ್ದೇ ಸರಿ ಐತೆ," ಎಂದಳು. "ತಪ್ಪು ನಂದು."

ನಾನು ಬರೆಯಲಿಲ್ಲ. ಅವಳೇ ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ನೋಟ್‌ಬುಕ್ಕನ್ನು ಮೊಣಕಾಲ ಮೇಲಿಟ್ಟುಕೊಂಡು, ತನ್ನ ಎರಡೂವರೆಯ ಮೇಲೆ ಅಡ್ಡಗೆರೆ ಎಳೆದು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಎರಡು ಎಂದು ಬರೆದಳು.